ಅಪ್ಪನ ಕಡೆಯನ್ನೂ ಬರೆಯುವ ಚೀಟಿಯಕ್ಕ

ಬೆಳಗಿನ ಆರು ಗಂಟೆ. ಸಂಶೋಧನಾ ಕೇಂದ್ರದ ಗಾಜಿನ ಮನೆಯೊಳಗೆ ಚೀಟಿಯಕ್ಕ ಭತ್ತದ ತೆನೆಯೊಂದನ್ನು ಹಸುಗೂಸಿನ ಬೆರಳು ಹಿಡಿದಂತೆ ಹಿಡಿದು, ಹೂವಿನ ತುದಿ ಕತ್ತರಿಸುತ್ತಾಳೆ. ಸಣ್ಣ ಚಿಮಟದಿಂದ ಒಳಗಿನ ಆರು ಕೇಸರಗಳನ್ನು ಒಂದೊಂದಾಗಿ ಹೊರಗೆಳೆಯುತ್ತಾಳೆ. ಒಂದು ಉಳಿದರೂ ಹೂವು ತನ್ನಷ್ಟಕ್ಕೆ ತಾನೇ ಕಾಳು ಕಟ್ಟಿ, ತಳಿ ಬೆರೆಸುವ ಕೆಲಸವೆಲ್ಲ ನೀರುಪಾಲು. ದಿನಕ್ಕೆ ನೂರಿಪ್ಪತ್ತು ಹೂವು. ಇವತ್ತು ಎಪ್ಪತ್ತಕ್ಕೇ ಕೈ ನಿಲ್ಲುತ್ತದೆ. ಒಂಬತ್ತಕ್ಕೆ ತಮ್ಮನ ಮಗಳ ರಕ್ತಪರೀಕ್ಷೆಯ ವರದಿ ಬರಲಿದೆ.

ಇಪ್ಪತ್ತೆರಡು ವರ್ಷಗಳಿಂದ ತೆನೆಗೆ ಕಾಗದದ ಟೊಪ್ಪಿ ಹಾಕಿ ಚೀಟಿ ಕಟ್ಟುವುದೇ ಅವಳ ಕಸುಬು. ಚೀಟಿಯ ಮೇಲೆ ಮೊದಲು ತಾಯಿ ತಳಿ, ಮಧ್ಯೆ ಗುಣಿಸು ಗುರುತು, ಆಮೇಲೆ ತಂದೆ ತಳಿ. ಎಂಟು ವರ್ಷದ ಹಿಂದೆ ಅವಳ ಅಕ್ಕ ಸ್ತನ ಕ್ಯಾನ್ಸರಿನಿಂದ ಮೂವತ್ತೆಂಟಕ್ಕೇ ಕಣ್ಮುಚ್ಚಿದಳು.

ಅಂಗಳದ ಎದುರು ಕಟ್ಟಡದಲ್ಲಿ ಏಷ್ಯಾದ ಹೆಂಗಸರ ಸ್ತನ ಕ್ಯಾನ್ಸರಿನ ಜೀನ್ ಹುಡುಕುವ ಕೆಲಸ ಶುರುವಾದಾಗ, ಚೀಟಿ ಬರೆಯಲು ಅವಳನ್ನೇ ಕರೆದರು. ಬೆಳಿಗ್ಗೆ ಭತ್ತ, ಒಂಬತ್ತರಿಂದ ರಕ್ತದ ನಲವತ್ತು ನಳಿಕೆ. ಫಾರಂ ಕೇಳುತ್ತಿದ್ದುದು ತಾಯಿ, ಅಜ್ಜಿ, ಚಿಕ್ಕಮ್ಮಂದಿರನ್ನಷ್ಟೇ. ಚೀಟಿಯಕ್ಕ ಕೈಯ ಅಭ್ಯಾಸಕ್ಕೆ ಗುಣಿಸು ಗುರುತು ಹಾಕಿ, ತಂದೆಯ ಕಡೆಯವರನ್ನೂ ಕೇಳಿ ಬರೆದುಬಿಟ್ಟಳು.

"ಇದೇನಮ್ಮಾ, ಹೆಂಗಸರನ್ನೂ ಭತ್ತದ ಮಡಿಗೆ ಸೇರಿಸಿಬಿಟ್ಯಲ್ಲ!" ಆ ಕೆಲಸ ನಡೆಸುವ ಡಾಕ್ಟರಮ್ಮ ಹೊಟ್ಟೆ ಹಿಡಿದು ನಕ್ಕರು. ನಗುತ್ತಲೇ ಓದಿದವರು ಒಂದು ಚೀಟಿಯನ್ನು ಎತ್ತಿ ಮತ್ತೆ ಓದಿದರು. ತಾಯಿಯ ಕಡೆ ಯಾರಿಗೂ ಇಲ್ಲ. ತಂದೆಯ ಮೂವರು ತಂಗಿಯರಿಗೂ ಅದೇ ಕಾಯಿಲೆ. ಡಾಕ್ಟರಮ್ಮನಿಗೆ ತಿಳಿಯದ್ದೇನಲ್ಲ, ಫಾರಂ ಮಾತ್ರ ಮರೆತಿತ್ತು. ಅಜ್ಜಿಕತೆಯ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಳಿಯೊಳಗೆ ಅಡಗಿರುತ್ತಿತ್ತಲ್ಲ, ಹಾಗೆ ಈ ಜೀನಿನ ದೋಷವೂ ಅಪ್ಪನೊಳಗೆ ಸದ್ದಿಲ್ಲದೆ ಕೂತು ಮಗಳನ್ನು ತಲುಪಬಲ್ಲದು. ಮರುವಾರವೇ ಫಾರಂನಲ್ಲಿ ಅಪ್ಪನ ಕಡೆಗೊಂದು ಖಾನೆ ಬಂತು.

ಅವತ್ತೇ ಅವಳಿಗೆ ತಮ್ಮನ ನೆನಪಾಗಿತ್ತು. ಆಸ್ಪತ್ರೆಯಲ್ಲಿ ಉಳಿಸಿಟ್ಟಿದ್ದ ಅಕ್ಕನ ಗಂಟಿನ ಮಾದರಿಯಲ್ಲಿ ದೋಷ ಸಿಕ್ಕಿತ್ತು, ತನ್ನಲ್ಲಿ ಇರಲಿಲ್ಲ. ತಮ್ಮನನ್ನು ಯಾರೂ ಕೇಳಿರಲೇ ಇಲ್ಲ.

"ಹೆಂಗಸರ ಕಾಯಿಲೆಗೆ ನನಗ್ಯಾಕಕ್ಕಾ ಸೂಜಿ?" ರಕ್ತ ಕೊಡು ಎಂದಾಗ ತಮ್ಮ ಸಿಡುಕಿದ.

"ನಿನ್ನ ಮೀಸೆ ನೋಡಿ ಜೀನ್ ಹೆದರಿ ಓಡಿಹೋಗುತ್ತೇನೋ!"

ಒಂದು ವರ್ಷ ಮುಖ ತಿರುಗಿಸಿಕೊಂಡು ತಿರುಗಿದವನು ಕೊನೆಗೊಮ್ಮೆ ತೋಳು ಚಾಚಿದ. ಅವನಲ್ಲಿತ್ತು. ಆಮೇಲೆ ಇಪ್ಪತ್ತನಾಲ್ಕರ ಮಗಳ ಸರದಿ.

ಒಂಬತ್ತಕ್ಕೆ ವರದಿ ಬರುತ್ತದೆ. ಹುಡುಗಿಯಲ್ಲೂ ದೋಷವಿದೆ. ಹೋದ ವಾರದ ಸ್ಕ್ಯಾನ್‌ನಲ್ಲಿ ಗಂಟಿನ ಸುಳಿವೇ ಇಲ್ಲ. ಇನ್ನು ವರ್ಷವರ್ಷವೂ ತಪ್ಪದೆ ನೋಡುತ್ತಾರೆ.

"ಅಂತೂ ನನಗೂ ಚೀಟಿ ಕಟ್ಟಿಬಿಟ್ರಿ ಅತ್ತೆ," ಹುಡುಗಿ ಅಳು ನುಂಗಿ ನಗುತ್ತಾಳೆ.

"ಚೀಟಿ ಕಟ್ಟಿದ ತೆನೆ ಮೇಲೆ ದಿನಾ ಕಣ್ಣಿರುತ್ತೆ ಮಗಳೇ. ನಿನ್ನ ದೊಡ್ಡತ್ತೆಗೆ ಕಟ್ಟೋರೇ ಇರಲಿಲ್ಲ."

ಹತ್ತಕ್ಕೆ ಪರಾಗ ಉದುರುವ ಹೊತ್ತು. ಅವಳು ಅವಸರದಲ್ಲಿ ಗಾಜಿನ ಮನೆಗೆ ಓಡುತ್ತಾಳೆ. ನಿನಗೇನಾದರೂ ಆಸೆಯಿದೆಯೇ ಎಂದು ಯಾರಾದರೂ ಕೇಳಿದರೆ, ತೆನೆಯಿಂದ ತಲೆ ಎತ್ತದೆಯೇ ಹೇಳುತ್ತಾಳೆ.

"ಇವತ್ತು ಐವತ್ತು ಹೂವು ಕಮ್ಮಿಯಾಯ್ತು, ನಾಳೆ ಸರಿದೂಗಿಸಬೇಕು. ಆಸೆ ಅಂದ್ರೆ... ಅಪ್ಪನ ಕಡೆ ಖಾನೇನ ಯಾರೂ ಖಾಲಿ ಬಿಡಬಾರದು, ಅಷ್ಟೇ."