ಹೋದ ರವಿವಾರದ ಗುಡ್ಡ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಐದು ದಿನ ಬಿಡದೆ ಹೊಡೆದ ಮಳೆ ಈಗಷ್ಟೇ ಸಣ್ಣಗಾಗಿದೆ. ಖಡಕವಾಡಿಯ ಹಳ್ಳದ ಈಚೆ ದಂಡೆಯಲ್ಲಿ ಒಂದು ಅಗಲ ಕಲ್ಲು. ಅದರ ಮೇಲೆ ಬಿಳಿ ಎಣ್ಣೆಬಣ್ಣದಲ್ಲಿ ಎರಡು ಪಾದ ಬರೆದಿದೆ. ಕಾಡಪ್ಪ ಹುಣಶ್ಯಾಳ ಚಪ್ಪಲಿ ಕಳಚಿಟ್ಟು, ಆ ಪಾದಗಳೊಳಗೆ ತಮ್ಮ ಪಾದ ಇಡುತ್ತಾರೆ. ಹಿಮ್ಮಡಿ ಸರಿಯಾಗಿ ಕೂತಿದೆಯೇ ಎಂದು ಬಗ್ಗಿ ನೋಡುತ್ತಾರೆ. ಸೀರೆ ಹಾಕಿಕೊಡುವ ಪ್ಲಾಸ್ಟಿಕ್ ಚೀಲ ತೊಡಿಸಿದ ಕ್ಯಾಮೆರಾ ಎದೆಯ ಮೇಲೆ ತೂಗುತ್ತಿದೆ.

ಎದುರಿಗೆ ಗುಡ್ಡದ ಇಳಿಜಾರು. ಅದರ ನಡುವೆ ಒಂದು ಬೂರುಗದ ಮರ. ಮರದ ಹಿಂದೆ, ದೂರದಲ್ಲಿ, ಕರಿ ಬಂಡೆ. ಬಂಡೆಯ ಮೇಲೆ ಸುಣ್ಣ ಎಳೆದಂಥ ಒಂದು ಬಿಳಿ ಗೆರೆ. ಇಳಿಜಾರಿನ ಬುಡಕ್ಕೆ ಹದಿನಾಲ್ಕು ಮನೆ, ಅರವತ್ತೊಂದು ಜನ. ಒಲೆಯ ಹೊಗೆ ಈಗ ಏಳತೊಡಗಿದೆ. ಕಾಡಪ್ಪ ಉಸಿರು ಹಿಡಿದು ಗುಂಡಿ ಒತ್ತುತ್ತಾರೆ. ತೆಗೆದ ಚಿತ್ರ ನೋಡುವ ಮುಂಚೆ ಒಮ್ಮೆ ಕಣ್ಣು ಮುಚ್ಚುತ್ತಾರೆ.

"ಪ್ರತಿ ರವಿವಾರ ಹಿಂಗ ಆಗ್ತದ್ರಿ. ನೋಡ್ಲಿಕ್ಕ ಧೈರ್ಯ ಸಾಲಂಗಿಲ್ಲ."

ನೋಡುತ್ತಾರೆ. ಮತ್ತೆ ಬಗ್ಗಿ ಕಾಲು ನೋಡಿ, ಮತ್ತೊಂದು ತೆಗೆಯುತ್ತಾರೆ. ಆಮೇಲೆ ಇನ್ನೊಂದು.

ಕಾಡಪ್ಪನವರಿಗೆ ಐವತ್ತೇಳು ವರ್ಷ. ಹುಟ್ಟಿದ್ದು ಇಂಡಿ ಕಡೆ. ಪುಣೆಯ ರವಿವಾರ ಪೇಠದ ಸೀರೆ ಅಂಗಡಿಯೊಂದರಲ್ಲಿ ಮೂವತ್ತೊಂದು ವರ್ಷದಿಂದ ಸೀರೆ ಬಿಚ್ಚಿ ತೋರಿಸುವುದು, ಮಡಚಿಡುವುದು ಅವರ ಕೆಲಸ. ಎಂಟು ವರ್ಷದ ಹಿಂದೆ ಒಂದು ಹಳೆಯ ಕ್ಯಾಮೆರಾ ಕೊಂಡರು. ರವಿವಾರ ಬಂತೆಂದರೆ ನಸುಕಿನ ಮೊದಲ ಲೋಕಲ್ ಹಿಡಿದು, ಲೋಣಾವಳಾಕ್ಕೆ ಎರಡು ಸ್ಟೇಷನ್ ಮೊದಲೇ ಇಳಿದು ನಡೆಯುತ್ತಿದ್ದರು. ಹಕ್ಕಿ, ಹೂವು, ನೀರು ಬೀಳುವುದು, ಯಾವುದಾದರೂ ಸರಿ. ಯಾರಿಗೂ ತೋರಿಸಬೇಕೆಂದು ತೆಗೆದದ್ದಲ್ಲ.

ಐದೂವರೆ ವರ್ಷದ ಹಿಂದೆ ಈ ಕಲ್ಲಿನ ಮೇಲೆ ನಿಂತು ಹೂಬಿಟ್ಟ ಬೂರುಗದ ಚಿತ್ರ ತೆಗೆದರು. ಮರುವರ್ಷ ಅದೇ ಹೂವಿನ ಕಾಲಕ್ಕೆ ಬಂದು ಅದೇ ಕಲ್ಲಿನಿಂದ ಮತ್ತೊಂದು ತೆಗೆದರು. ಎರಡನ್ನೂ ಒಂದೇ ಅಳತೆಯಲ್ಲಿ ಪ್ರಿಂಟ್ ಹಾಕಿಸಿ, ಸೀರೆಯ ಅಂಚಿಗೆ ಅಂಚು ಕೂಡಿಸುವ ರೂಢಿಯಲ್ಲಿ ಒಂದರ ಪಕ್ಕ ಒಂದು ಇಟ್ಟರು. ಮೊದಲ ಚಿತ್ರದಲ್ಲಿ ಬಂಡೆಯ ಬಿಳಿ ಗೆರೆ ಮರದ ಬೊಡ್ಡೆಯ ಹಿಂದೆ ಪೂರ್ತಿ ಮರೆಯಾಗಿತ್ತು. ಎರಡನೆಯದರಲ್ಲಿ ಒಂದು ನೂಲೆಳೆಯಷ್ಟು ಹೊರಗೆ ಇಣುಕುತ್ತಿತ್ತು. ಬಂಡೆ ಸರಿಯುವುದಿಲ್ಲ. ಸರಿದಿದ್ದರೆ ಮರವೇ ಸರಿದಿರಬೇಕು, ಮರದ ಜೊತೆಗೆ ಅದು ನಿಂತ ಮಣ್ಣೂ.

"ಅಂಗಡ್ಯಾಗ ಮಂದಿ ಕಣ್ಣಿಗೆ ಬೀಳದ ಎಳಿ ನನ್ನ ಕಣ್ಣಿಗೆ ಬೀಳ್ತದ್ರಿ. ಅವತ್ತು ಅದು ಬೀಳದಿದ್ರ ಛಲೋ ಇತ್ತು. ಆರಾಮ ಹಕ್ಕಿ ನೋಡ್ಕೋತ ಇರ್ತಿದ್ದೆ."

ಅಲ್ಲಿಂದ ಇಲ್ಲಿಗೆ ಇನ್ನೂರ ನಲವತ್ತೊಂದು ರವಿವಾರ. ಪ್ರತಿ ಸಲ ಇದೇ ಒಂದು ಚಿತ್ರ. ಮನೆಗಳ ಹಿಂದಿನ ಒರತೆಯ ಬಾಯಿಯದು ಒಂದು ನಿಮಿಷದ ವಿಡಿಯೊ, ನೀರು ತಿಳಿಯಾಗಿದೆಯೋ ಕೆಂಪಗಾಗಿದೆಯೋ ನೋಡುವುದಕ್ಕೆ. ಗುಡ್ಡದೊಳಗೆ ಮಣ್ಣು ಸಡಿಲಾದರೆ ಒರತೆ ಕೆಂಪಗಾಗುತ್ತದೆ. ಅವರ ಹೆಂಡತಿ ತ್ರಿವೇಣಿ ಹೇಳುತ್ತಾರೆ: "ಮಂದಿ ಫೋಟೋ ತಗದು ಖುಷಿಲಿಂದ ಮನಿಗಿ ಬರ್ತಾರ. ಇವ್ರು ಜ್ವರ ಬಂದವ್ರಂಗ ಬರ್ತಾರ."

ಇಳಿಜಾರಿಗೆ ತೀರ ಹತ್ತಿರದ ಮನೆ ಸಾವಿತ್ರಿಬಾಯಿಯದು. ಅರವತ್ತು ದಾಟಿದ ಹೆಂಗಸು, ತವರು ಅಕ್ಕಲಕೋಟ, ಹಾಗಾಗಿ ಕನ್ನಡ ಬರುತ್ತದೆ. ಕಲ್ಲಿನ ಮೇಲೆ ಪಾದ ಬರೆದ ಹೊಸದರಲ್ಲಿ, ಯಾವ ದೇವರದೋ ಎಂದು ಯಾರೋ ಅದಕ್ಕೆ ಅರಿಸಿನ ಕುಂಕುಮ ಹಾಕಿಬಿಟ್ಟಿದ್ದರು. ಸಾವಿತ್ರಿಬಾಯಿ ಈಗಲೂ ಆ ತಮಾಷೆ ಬಿಡುವುದಿಲ್ಲ. "ಏನ್ರಿ ಕಾಡಪ್ಪಣ್ಣ, ಇವತ್ತ ದೇವ್ರು ಲೋಕಲ್‌ಗೆ ಬಂದದೋ, ನಡಕೊಂಡ ಬಂದದೋ?"

ಆ ಪಾದ ಬರೆದದ್ದಕ್ಕೂ ಒಂದು ಕಾರಣವಿದೆ, ಅದನ್ನು ಕಾಡಪ್ಪ ತಲೆತಗ್ಗಿಸಿಯೇ ಹೇಳುತ್ತಾರೆ. ಎರಡು ಮಳೆಗಾಲದ ಹಿಂದೆ ಹಳ್ಳ ಉಕ್ಕಿ ಈ ಕಲ್ಲು ಮುಳುಗಿತ್ತು. ಅವರು ಪಕ್ಕದ ಕಲ್ಲಿನ ಮೇಲೆ ನಿಂತು ಚಿತ್ರ ತೆಗೆದುಕೊಂಡು ಹೋದರು. ಮರುದಿನ ಅಂಗಡಿಯಲ್ಲಿ ಪ್ರಿಂಟ್ ನೋಡಿದರೆ ಮರ ಗೆರೆಯಿಂದ ಒಂದು ಬೆರಳು ದೂರ. ಕೈಯಲ್ಲಿದ್ದ ಸೀರೆ ಬಿಟ್ಟು ಖಡಕವಾಡಿಗೆ ಫೋನ್ ಮಾಡಿದರು. ಊರಿಗೆ ಊರೇ ಸುರಿಯುವ ಮಳೆಯಲ್ಲಿ, ಒಂದು ಮೈಲಿಯಾಚೆಯ ಶಾಲೆಗೆ ಹೋಯಿತು. ಮೂರು ದಿನ ಕಾದರು. ಗುಡ್ಡ ಅಲುಗಲಿಲ್ಲ. ಸಾವಿತ್ರಿಬಾಯಿಯ ಎಳೆಗರು ಚಳಿಗೆ ಸೆಟೆದು ಸತ್ತಿತು.

ತಾವು ನಿಂತ ಜಾಗ ಬದಲಾದದ್ದಕ್ಕೇ ಮರ ಸರಿದಂತೆ ಕಂಡಿತೆಂದು ಗೊತ್ತಾದದ್ದು ಮುಂದಿನ ರವಿವಾರ. ಇನ್ನು ಜಾಗ ತಪ್ಪಬಾರದೆಂದು ಅಂದೇ ಈ ಕಲ್ಲಿನ ಮೇಲೆ ಪಾದ ಬರೆದರು. ಯಾರೂ ಕೇಳದಿದ್ದರೂ ಕಾಡಪ್ಪ ಮನೆಮನೆಗೆ ಹೋಗಿ ತಮ್ಮ ತಪ್ಪು ಹೇಳಿದರು. "ಕೆಲವ್ರು ನಕ್ರು. ಕೆಲವ್ರು ಬಾಗಲಾ ಮುಚ್ಚಿದ್ರು. ಸಾವಿತ್ರಿ ಅಕ್ಕಾರು ಮಾತ್ರ ಚಹಾ ಕೊಟ್ರು. ಕರಾ ಕಟ್ಟಿದ್ದ ಗೂಟ ಅಲ್ಲೇ ಇತ್ತು."

ಅಂದಿನಿಂದ ಅವರಿಗೆ ಎರಡು ಭಯ. ಕಂಡದ್ದು ಸುಳ್ಳಾದರೆ ಎಂಬುದೊಂದು, ನಿಜವಾದರೆ ಎಂಬುದೊಂದು.

ಈ ರವಿವಾರ ಆ ಎರಡೂ ಒಟ್ಟಿಗೆ ಬಂದಿವೆ. ಮೂರು ಚಿತ್ರದಲ್ಲೂ ಮರದ ಬೊಡ್ಡೆಗೂ ಬಿಳಿ ಗೆರೆಗೂ ನಡುವೆ ಅಕ್ಕಿಕಾಳಿನಷ್ಟು ಕರಿ ಬಂಡೆ ಕಾಣುತ್ತಿದೆ. ಹೋದ ರವಿವಾರ ಇರಲಿಲ್ಲ. ಒರತೆಯ ಬಳಿಗೆ ಹೋದರೆ ನೀರು ಕೆಂಪಗಿದೆ. ಮಳೆಗೆ ಎಲ್ಲ ನೀರೂ ಕೆಂಪೇ ಎಂದು ತಮಗೆ ತಾವೇ ಹೇಳಿಕೊಳ್ಳುತ್ತಾರೆ. ಕೊನೆಗೆ ಸಾವಿತ್ರಿಬಾಯಿಯನ್ನು ಕರೆತರುತ್ತಾರೆ.

"ಅಕ್ಕಾರ, ನನ್ನ ಮಾತು ನಂಬಬ್ಯಾಡ್ರಿ. ನೀವ ನಿಂತು ನೋಡ್ರಿ."

"ಮತ್ತ ಶಾಳಿಗೆ ಕಳಸ್ತೀರೇನ್ರಿ? ಈಗಿನ ಕರಾ ಗಟ್ಟಿ ಅದ ಬಿಡ್ರಿ," ಎನ್ನುತ್ತಲೇ ಆಕೆ ಬಿಳಿ ಪಾದಗಳೊಳಗೆ ತಮ್ಮ ಸಣ್ಣ ಪಾದ ಇಡುತ್ತಾರೆ. ಹಳೆಯ ಪ್ರಿಂಟು ಒಂದು ಕೈಯಲ್ಲಿ. ಗುಡ್ಡ ನೋಡುತ್ತಾರೆ, ಪ್ರಿಂಟು ನೋಡುತ್ತಾರೆ, ಮತ್ತೆ ಗುಡ್ಡ. ಪ್ರಿಂಟು ಮರಳಿಸುತ್ತಾರೆ.

"ಬುಧವಾರಲಿಂದ ನನ್ನ ಮನಿ ಚಿಲಕ ಕೂಡವಲ್ದು. ಮಳಿಗೆ ಕಟ್ಟಿಗಿ ಉಬ್ಬ್ಯಾದ ಅಂದ್ಕೊಂಡಿದ್ದೆ."

ಕಾಡಪ್ಪ ಕಲ್ಲಿನ ಮೇಲೆ ಕೂತುಬಿಡುತ್ತಾರೆ. ಸಾವಿತ್ರಿಬಾಯಿ ಕೂರುವುದಿಲ್ಲ. ಹೋಗಿ ಮೊದಲು ತಮ್ಮ ಕರು ಬಿಚ್ಚುತ್ತಾರೆ. ಕರುವಿಗೆ ಗೋಣಿಚೀಲ ಹೊದಿಸಿ, ಅದನ್ನು ಹಿಡಿದುಕೊಂಡೇ ಒಂದೊಂದು ಬಾಗಿಲಲ್ಲೂ ನಿಂತು ಮರಾಠಿಯಲ್ಲಿ ಕೇಳುತ್ತಾರೆ, ನಿಮ್ಮ ಚಿಲಕ ಕೂಡುತ್ತದೆಯೇ ಎಂದು. ಇನ್ನೂ ಎರಡು ಮನೆಯಲ್ಲಿ ಕೂಡುತ್ತಿಲ್ಲ. ಕಾಡಪ್ಪನವರ ಮಾತಿಗೆ ಏಳದವರು ಆ ಕರುವಿನ ಹಿಂದೆ ನಡೆಯುತ್ತಾರೆ. ಮಧ್ಯಾಹ್ನದೊಳಗೆ ಹದಿನಾಲ್ಕೂ ಮನೆ ಖಾಲಿ.

ಇದಾಗಿ ಎರಡು ವಾರ. ಸರ್ವೆಯವರು ಬಂದು ಗೂಟ ನೆಟ್ಟು, ಮಳೆಗಾಲ ಮುಗಿಯುವವರೆಗೆ ಯಾರೂ ಮರಳಬಾರದೆಂದು ಹೇಳಿ ಹೋಗಿದ್ದಾರೆ. ಗುಡ್ಡ ಇನ್ನೂ ನಿಂತಿದೆ. ಶಾಲೆಯ ಒಂದೇ ಕೋಣೆಯಲ್ಲಿ ಕೆಮ್ಮು, ಜಗಳ, ಗೊಣಗಾಟ. ಹಗಲು ಹೊತ್ತು ಕೋಳಿಗೆ ಕಾಳು ಹಾಕಲು ಕೆಲವರು ಮನೆಗೆ ಹೋಗಿಬರುತ್ತಾರೆ. ಅಂಗಡಿಯಲ್ಲಿ ಫೋನ್ ಗುಣುಗಿದರೆ ಕಾಡಪ್ಪನವರ ಕೈಯ ಸೀರೆ ಮಡಿಕೆ ತಪ್ಪುತ್ತದೆ.

ಇಂದಿನ ನಸುಕಿನಲ್ಲೂ ಅವರು ಕಲ್ಲಿನ ಬಳಿ ಚಪ್ಪಲಿ ಕಳಚುತ್ತಿದ್ದಾರೆ. ಪಾದದ ಮೇಲೆ ಯಾರೋ ಹೊಸ ಕುಂಕುಮ ಹಾಕಿದ್ದಾರೆ. ಅಳಿಸುವುದಿಲ್ಲ, ತುಳಿಯದಂತೆ ನೋಡಿಕೊಂಡು ನಿಲ್ಲುತ್ತಾರೆ. ಈ ಸಲ ಗುಡ್ಡ ಬಿದ್ದರೆ ನೀವು ಹೇಳಿದ್ದು ನಿಜವೆಂದು ಊರು ಒಪ್ಪುತ್ತದಲ್ಲ ಎಂದರೆ ತಲೆ ಅಲ್ಲಾಡಿಸುತ್ತಾರೆ.

"ನನ್ನ ಮಾತು ಖರೇ ಆಗೋದ ಬ್ಯಾಡ್ರಿ. ಇನ್ನೊಮ್ಮೆ ನಗ್ಲಿ, ನಡೀತದ. ಹೋದ ರವಿವಾರದ ಫೋಟೋನ ಈ ರವಿವಾರನೂ ಬರ್ಲಿ. ನನಗ ಅಷ್ಟ ಸಾಕು."

ಉಸಿರು ಹಿಡಿದು ಗುಂಡಿ ಒತ್ತಿ, ಕಣ್ಣು ಮುಚ್ಚುತ್ತಾರೆ.