ಗಮ್ ಒಣಗುವ ಮುನ್ನ

ಬೀದಿಯ ಮಂದಿ ಅವಳನ್ನು ಸ್ಕ್ರೂ ಆಂಟಿ ಎನ್ನುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಎದುರಿಗೆ ಅನ್ನುವ ಎದೆಗಾರಿಕೆ ಯಾರಿಗಿತ್ತು! ಬಾಯಿ ಅಷ್ಟು ಜೋರು. ರೇಡಿಯೊದಿಂದ ಕ್ಯಾಮೆರಾ ಡ್ರೋನ್‌ವರೆಗೆ ಏನು ತಂದುಕೊಟ್ಟರೂ ಸರಿಮಾಡುವಳು. ಡ್ರೋನ್‌ಗಳಿಗೆ ಹೆಚ್ಚಾಗಿ ಒಂದೇ ರೋಗ: ರೆಕ್ಕೆ ಕೂರುವ ಮೌಂಟ್ ಸಡಿಲಾಗಿ ಗಡಗಡ ನಡುಗುವುದು. ಹಳೆಯ ಗಮ್ ಕೆರೆದು, ಸ್ಕ್ರೂಗೆ ಒಂದೇ ತೊಟ್ಟು ಹೊಸ ಗಮ್ ಹಾಕಿ ಬಿಗಿಯುವಳು. ಆಮೇಲೆ ಗಿರಾಕಿ ಕಾಲಿಗೆ ಬಿದ್ದರೂ ಒಂದು ದಿನ ಕಳೆಯದೆ ಕೊಡುತ್ತಿರಲಿಲ್ಲ.

"ಗಮ್ ಒಣಗ್ಬೇಕು. ಅವಸರ ಇದ್ರೆ ಗಾಳಿಪಟ ಹಾರಿಸ್ಕೊಳ್ಳಿ."

ಒಣಗಿದ ಮೇಲೆ ಮಹಡಿಯಿಂದ ಹಾರಿಸಿ ನೋಡುವಳು. ಪರೀಕ್ಷೆಗೆ ಆಳೆತ್ತರ ಸಾಕು. ಅವಳು ಹಾರಿಸಿದ್ದು ಮಾತ್ರ ಮೂರು ಬೀದಿ ದಾಟಿ ಅಕ್ಕನ ಮನೆಯ ಮೇಲೆ ಹೋಗಿ ನಿಲ್ಲುತ್ತಿತ್ತು.

ಅಕ್ಕನ ಜೊತೆ ಮಾತು ಬಿಟ್ಟು ಆರು ವರ್ಷ. ಅಮ್ಮ ತೀರಿಕೊಂಡ ತಿಂಗಳಲ್ಲೇ ಇವಳು ಅಮ್ಮನ ಹೊಲಿಗೆ ಯಂತ್ರವನ್ನು ಯಾರನ್ನೂ ಕೇಳದೆ ಬಿಚ್ಚಿ ಹರವಿದ್ದಳು; ಮತ್ತೆ ಜೋಡಿಸಲು ಆಗಲಿಲ್ಲ. "ಇನ್ಮೇಲೆ ನನ್ನ ಹೊಸಿಲು ತುಳೀಬೇಡ" ಎಂದುಬಿಟ್ಟಿದ್ದಳು ಅಕ್ಕ. ಹೊಸಿಲಿನ ಮಾತಾಡಿದ್ದಳೇ ಹೊರತು ಆಕಾಶದ ಮಾತೆತ್ತಿರಲಿಲ್ಲ. ರಿಮೋಟಿನ ಅಂಗೈಯಗಲದ ಪರದೆಯಲ್ಲಿ ಅಕ್ಕ ಮಹಡಿ ಮೇಲೆ ಓಡಾಡುವುದು ಕಾಣುತ್ತಿತ್ತು. ಮುಖ ಕಾಣುವಷ್ಟು ಕೆಳಗಿಳಿಸಲು ಧೈರ್ಯ ಬರುತ್ತಿರಲಿಲ್ಲ. ಹಾಗೇ ವಾಪಸು ಕರೆಸಿಕೊಳ್ಳುವಳು.

ಅವತ್ತು ಬೆಳಿಗ್ಗೆ ಹಾಲಿನವಳು ಸುದ್ದಿ ತಂದಳು. "ನಿಮ್ಮಕ್ಕ ಇವತ್ತೇ ಮನೆ ಖಾಲಿ ಮಾಡ್ತಿದಾರಂತೆ. ಮಗಳ ಊರಿಗೆ ಹೋಗ್ತಾರಂತೆ."

ಮೇಜಿನ ಮೇಲೆ ಫೋಟೋದವನ ಡ್ರೋನ್ ಇತ್ತು. ಗಮ್ ಹಾಕಿ ಒಂದು ಗಂಟೆಯೂ ಆಗಿರಲಿಲ್ಲ. ಊರಿಗೆಲ್ಲ ಹೇಳುವ ಬುದ್ಧಿ ತನಗೇ ಮರೆತುಹೋಯಿತು. ಎತ್ತಿಕೊಂಡು ಮಹಡಿಗೆ ಓಡಿದಳು. ಒಂದೇ ಒಂದು ಸಲ ಅಕ್ಕನ ಮುಖ ನೋಡಬೇಕಿತ್ತು.

ಅಕ್ಕ ಮಹಡಿಯ ಮೇಲೇ ಇದ್ದಳು. ಡ್ರೋನನ್ನು ಕೆಳಗಿಳಿಸುತ್ತಲೇ ಪರದೆ ನಡುಗಿತು. ಮೌಂಟ್ ಸಡಿಲಗೊಂಡಿತ್ತು. ಡ್ರೋನ್ ಓಲಾಡಿ ದೊಪ್ಪನೆ ಬಿತ್ತು. ಪರದೆಯ ತುಂಬ ಬರೀ ಸಿಮೆಂಟು ನೆಲ. ಅಕ್ಕನ ತಲೆಗೇ ತಗುಲಿತೋ ಏನೋ! ಚಪ್ಪಲಿಯನ್ನೂ ಮೆಟ್ಟದೆ ಮೂರು ಬೀದಿ ಓಡಿದಳು.

ಬಾಗಿಲು ಹಾರುಹೊಡೆದಿತ್ತು. ಒಂದು ಕೈಯಲ್ಲಿ ಗೋಡೆ, ಇನ್ನೊಂದರಲ್ಲಿ ಡ್ರೋನ್ ಹಿಡಿದು ಅಕ್ಕ ಮೆಟ್ಟಿಲಿಳಿಯುತ್ತಿದ್ದಳು. ಇವಳು ಹೊಸಿಲಾಚೆಯೇ ನಿಂತಳು.

"ಅಕ್ಕಾ, ಪೆಟ್ಟಾಯ್ತಾ?"

"ಪೆಟ್ಟಾಗಿರೋದು ಮಂಡಿಗೆ ಕಣೇ. ಈ ಗುಂಯ್ ಸದ್ದು ಕೇಳಿದಾಗೆಲ್ಲ ಮೇಲೆ ಹತ್ತಿ ಹತ್ತಿ."

"ನಾನೇ ಅಂತ ಗೊತ್ತಿತ್ತಾ?"

"ಇನ್ಯಾರು ನನ್ನ ತಲೆ ಮೇಲೆ ಬಂದು ನಿಲ್ಲೋರು? ನೋಡ್ಕೊಳ್ಳಲಿ ಪಾಪ ಅಂತ ಮೇಲೆ ಬರ್ತಿದ್ದೆ. ಇವತ್ತಾದ್ರೂ ತಾನೇ ಬರ್ತಾಳೇನೋ ಅಂತ ಆಮೇಲೆ ಕೆಳಗಿಳಿದು ಬಾಗಿಲಲ್ಲಿ ಕೂತಿರ್ತಿದ್ದೆ."

ಇವಳು ಗಳಗಳನೆ ಅತ್ತಳು. ಅಕ್ಕ ಕೈ ಹಿಡಿದು ಒಳಗೆ ಕರೆದುಕೊಂಡಳು. ಕೂರು ಎನ್ನಲು ಸುತ್ತ ನೋಡಿದಳು. ಕುರ್ಚಿಗಳೆಲ್ಲ ಆಗಲೇ ಲಾರಿ ಹತ್ತಿದ್ದವು.