ಬಲಕ್ಕೆ ಬಿದ್ದ ಹೂ

ಕೌದಳ್ಳಿ ಕಡೆಯ ನಮ್ಮೂರ ಬೋರೆಗುಡ್ಡದ ಮೇಲೆ ಕರೆಂಟು ತೆಗೆಯುವ ಗಾಳಿ ಫ್ಯಾನು ನಿಲ್ಲಿಸುತ್ತಾರೆಂಬ ಸುದ್ದಿ ಬಂದಾಗಿನಿಂದ ಯಾರು ಬೇಕು ಅಂದರು, ಯಾರು ಬೇಡ ಅಂದರು ಎಂದು ತಾರೀಖು ಹಾಕಿ ಬರೆದಿಡುತ್ತಿದ್ದೆ. ನಮ್ಮ ಮನೆಯವರು ಬೇಡ ಎನ್ನುವ ಕಡೆ. ಬೋರೆಗೆ ಲಾರಿ ದಾರಿ ಮಾಡಿದರೆ ನಮ್ಮ ಆಡು ಮೇಯುವ ಜಾಗ ಹೋಗುತ್ತದೆ. ಬೇಕು ಎನ್ನುವವರಿಗೆ ಅಪ್ಪನ ಅಣ್ಣ, ನನ್ನ ದೊಡ್ಡಪ್ಪನೇ ಮುಂದಾಳು. ಬೋರೆಯ ಮೇಲಿನ ಅವರ ಕಲ್ಲುಹೊಲದಲ್ಲಿ ಹುರುಳಿ ಬಿಟ್ಟು ಬೇರೇನೂ ಬೆಳೆಯುವುದಿಲ್ಲ. ಅದನ್ನು ಕಂಪನಿಗೆ ಬಾಡಿಗೆಗೆ ಕೊಟ್ಟರೆ ಈ ವಯಸ್ಸಿನಲ್ಲಿ ಕೂಲಿಗೆ ಹೋಗುವುದು ತಪ್ಪುತ್ತಿತ್ತು.

ಮಾತು ಬಗೆಹರಿಯದೆ, ಬೋರೆಯ ದೇವರ ಹತ್ತಿರ ಹೂ ಕೇಳುವುದೆಂದು ಎರಡೂ ಕಡೆಯವರು ಒಪ್ಪಿದರು. ದೇವರ ತಲೆಯ ಮೇಲಿಟ್ಟ ಹೂ ಬಲಕ್ಕೆ ಬಿದ್ದರೆ ಪೂಜಾರಿ ಕೇಳಿದ ಮಾತಿಗೆ ಅಪ್ಪಣೆ, ಎಡಕ್ಕೆ ಬಿದ್ದರೆ ಇಲ್ಲ.

ಸೋಮವಾರ ಬೆಳಿಗ್ಗೆ ಹೂ ಬಲಕ್ಕೆ ಬಿತ್ತು. ಎರಡೂ ಕಡೆಯವರು ತಾವೇ ಗೆದ್ದೆವೆಂದು ಕೈಮುಗಿದರು.

"ಫ್ಯಾನು ಬ್ಯಾಡ ಅನ್ನಂಗಿದ್ರೆ ಬಲಕ್ಕೆ ಕೊಡು ಅಂತಲ್ವಾ ಅಣ್ಣ, ಪೂಜಾರ್ರು ಕೇಳಿದ್ದು?" ಎಂದರು ಅಪ್ಪ.

"ಕಿವಿಗೆ ಎಣ್ಣೆ ಬುಟ್ಕೊ. ಬೇಕು ಅನ್ನಂಗಿದ್ರೆ ಅಂದ್ರು ಕಣ್ಲಾ" ಎಂದರು ದೊಡ್ಡಪ್ಪ.

ಪೂಜಾರಿ ಬೆವರು ಒರೆಸಿಕೊಂಡರು. "ಆ ಕಡೆಯಿಂದ ನೀವು ಬೇಕು ಅಂತೀರಿ, ಈ ಕಡೆಯಿಂದ ಇವ್ರು ಬ್ಯಾಡ ಅಂತಾರೆ. ನನ್ ಬಾಯಲ್ಲಿ ಯಾವ್ದು ಬಂತೋ ಆ ಸ್ವಾಮಿಗೇ ಗೊತ್ತು ಕಣ್ರಪ್ಪ."

ಮತ್ತೆ ಕೇಳುವ ಹಾಗಿಲ್ಲ. ಒಂದು ಮಾತಿಗೆ ಒಂದೇ ಹೂ. ದೊಡ್ಡಪ್ಪನೇ ನನ್ನ ಕಡೆ ತಿರುಗಿದರು. "ಇವನು ಎಲ್ಲಾನೂ ಬರ್ಕತಿದ್ದ. ಏನಂದ್ರು ಏಳ್ಲಾ ಮಗ. ನೀನ್ ಏಳ್ದಂಗೇ ಆಗ್ಲಿ."

ಪೂಜಾರಿ ಕೇಳುವಾಗ ನಾನು ಯಾವ ಕಡೆ ಎಷ್ಟು ತಲೆ ಎಂದು ಎಣಿಸುತ್ತಿದ್ದೆ. ಅವರ ಮಾತು ಕಿವಿಗೆ ಬಿದ್ದೇ ಇರಲಿಲ್ಲ. ಅಷ್ಟು ಹೇಳಿದ್ದರೆ ಸಾಕಿತ್ತು. ಆದರೆ ಅಪ್ಪ ನನ್ನನ್ನೇ ನೋಡುತ್ತಿದ್ದರು.

"ಬ್ಯಾಡ ಅನ್ನಂಗಿದ್ರೆ ಅಂತ, ದೊಡ್ಡಪ್ಪ" ಎಂದೆ.

ಅವರು ವಾದಿಸಲಿಲ್ಲ. "ದೇವ್ರೇ ಬ್ಯಾಡ ಅಂದ್ಮೇಲೆ ಬುಡು" ಎಂದು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು.

ಮರುದಿನ ಹನೂರಿನ ತಾಲ್ಲೂಕು ಆಫೀಸಿನಲ್ಲಿ ಕೊಟ್ಟ, ಫ್ಯಾನು ಬೇಡವೆಂಬ ತಕರಾರು ಅರ್ಜಿಗೆ ಮೊದಲ ಸಹಿ ದೊಡ್ಡಪ್ಪನದೇ. ಅಲ್ಲಿದ್ದ ಗುಮಾಸ್ತರಿಗೆ ನನ್ನನ್ನು ತೋರಿಸಿ ಹೇಳಿದರು: "ಈ ಹೈದ ಇಲ್ದೆ ಓಗಿದ್ರೆ ಅಣ್ತಮ್ಮ ಒಡ್ದಾಡ್ಕತಿದ್ವಿ ಸಾ."

ನಾನು ಗೋಡೆಯ ನೋಟಿಸು ಓದುವವನಂತೆ ಅತ್ತ ತಿರುಗಿ ನಿಂತೆ.